ಹಿತ್ತಲ ಟೊಮೆಟೊ, ಅಂಗಡಿ ಟೊಮೆಟೊ: ರುಚಿ ಯಾಕೆ ಬೇರೆ?

“ಅಂಗಡಿ ಟಮೋಟ ಎಷ್ಟು ಹಾಕಿದ್ರೂ ಸಾರಿಗೆ ಹುಳಿಯೇ ಹತ್ತಲ್ಲ, ಹುಣಸೆಹಣ್ಣು ಹಿಂಡಲೇಬೇಕು.” ಈ ಮಾತನ್ನು ಅಜ್ಜಿಯರು, ಅಮ್ಮಂದಿರು ಹೇಳುವುದನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಅದೇ ಹಿತ್ತಲಲ್ಲಿ, ಪಾತ್ರೆ ತೊಳೆದ ನೀರಿಗೆ ತಾನಾಗಿ ಹುಟ್ಟಿ ಬೆಳೆದ ಗಿಡದ ಎರಡು ಹಣ್ಣು ಹಾಕಿದರೆ ಸಾಕು, ಸಾರಿನ ಘಮ ಬೀದಿಗೆ ಬರುತ್ತದೆ.

ಯಾಕೆ ಹೀಗೆ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. “ಔಷಧಿ ಹೊಡೆದು ಹಣ್ಣು ಮಾಡ್ತಾರೆ” ಅನ್ನುವವರಿದ್ದಾರೆ. “ಎಲ್ಲಾ ಸರ್ಕಾರಿ ಗೊಬ್ಬರದ ಮಹಿಮೆ” ಅನ್ನುವವರಿದ್ದಾರೆ. “ಈಗಿನ ರೈತರಿಗೆ ದುಡ್ಡೇ ಮುಖ್ಯ, ರುಚಿ ಯಾರಿಗೆ ಬೇಕು” ಅನ್ನುವವರೂ ಇದ್ದಾರೆ. ಈ ಕೊನೆಯ ಮಾತು ಕೇಳಿದರೆ ನಮಗೆ ಬೇಜಾರಾಗಬೇಕು. ಯಾಕಂದ್ರೆ ನಮ್ಮದು ಕೋಲಾರ ಜಿಲ್ಲೆ. ಕೋಲಾರದ ಮಂಡಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಆ ಅಂಗಡಿ ಟೊಮೆಟೊ ಬೆಳೆದವರು ಬೇರೆ ಯಾರೋ ಅಲ್ಲ, ನಮ್ಮ ಅಪ್ಪ, ಚಿಕ್ಕಪ್ಪ, ಮಾವಂದಿರೇ. ಹಾಗಾದರೆ ಒಂದೇ ಮಣ್ಣಿನಲ್ಲಿ ಬೆಳೆದ ಹಣ್ಣಿಗೆ ಹಿತ್ತಲಲ್ಲಿ ಒಂದು ರುಚಿ, ಹೊಲದಲ್ಲಿ ಒಂದು ರುಚಿ ಹೇಗೆ ಬಂತು? ಬನ್ನಿ, ಒಂದೊಂದಾಗಿ ನೋಡೋಣ.

1. ರುಚಿ ಎಲ್ಲಿದೆ?

100 ಗ್ರಾಂ ಟೊಮೆಟೊ ಹಣ್ಣಿನಲ್ಲಿ ಸುಮಾರು 94 ಗ್ರಾಂ ಬರೀ ನೀರು! ಸಕ್ಕರೆ ಇರುವುದು 3 ಗ್ರಾಂ ಆಸುಪಾಸು. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬಗೆಯ ಸಕ್ಕರೆ. ಹುಳಿ ಕೊಡುವುದು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ ಮತ್ತು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಇವೆರಡೂ ಸೇರಿ ಅರ್ಧ ಗ್ರಾಂ ಆಸುಪಾಸು. ಸಿಹಿ, ಹುಳಿ ಎರಡೂ ಹದವಾಗಿ ಇದ್ದರೆ ನಾಲಿಗೆಗೆ ಹಿಡಿಸುತ್ತದೆ.

ಆದರೆ ಸಕ್ಕರೆ ನೀರಿಗೆ ನಿಂಬೆರಸ ಹಿಂಡಿದರೆ ಅದು ಟೊಮೆಟೊ ಆಗುತ್ತದೆಯೇ? ಇಲ್ಲ. ಟೊಮೆಟೊಗೆ ಟೊಮೆಟೊ ರುಚಿ ಕೊಡುವುದು ಅದರ ವಾಸನೆ. ಹಣ್ಣಿನಿಂದ ಆವಿಯಾಗಿ ಮೂಗಿಗೆ ಹೋಗುವ 400ಕ್ಕೂ ಹೆಚ್ಚು ಪದಾರ್ಥಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ನಮ್ಮ ಮೂಗಿಗೆ ನಿಜವಾಗಿ ಹತ್ತುವುದು ಸ್ವಲ್ಪ ಮಾತ್ರ. ನೆಗಡಿ ಬಂದಾಗ ಊಟ ಸಪ್ಪೆ ಅನಿಸುವುದೂ ಇದೇ ಕಾರಣಕ್ಕೆ. ಬೇಕಾದರೆ ಮೂಗು ಮುಚ್ಚಿಕೊಂಡು ಒಂದು ಚೂರು ಟೊಮೆಟೊ ಅಗಿಯಿರಿ, ಆಮೇಲೆ ಮೂಗು ಬಿಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಬೀಜದ ಸುತ್ತ ಇರುವ ಲೋಳೆಯಲ್ಲೇ ಹುಳಿ ಜಾಸ್ತಿ. ಸಾರಿಗೆ ರುಚಿ ಕಟ್ಟುವ ಗ್ಲುಟಾಮಿಕ್ ಆಮ್ಲವೂ ಅಲ್ಲೇ ಹೆಚ್ಚು. ಹಿತ್ತಲ ನಾಟಿ ಹಣ್ಣು ಕುಯ್ದರೆ ಈ ಲೋಳೆ ಕೈಯೆಲ್ಲಾ ಸೋರುತ್ತದೆ. ದೂರದ ಊರಿಗೆ ಹೋಗುವ ಹಣ್ಣನ್ನು ಕುಯ್ದು ನೋಡಿ: ದಪ್ಪ ಗೋಡೆ, ಗಟ್ಟಿ ತಿರುಳು, ಲೋಳೆ ಕಡಿಮೆ. ಅಜ್ಜಿ ಹೇಳಿದ “ಹುಳಿಯೇ ಹತ್ತಲ್ಲ” ಅನ್ನುವ ಮಾತು ಸುಳ್ಳಲ್ಲ.

2. ಗಿಡದಲ್ಲಿ ಹಣ್ಣಾಗುವುದು, ಬಾಕ್ಸಿನಲ್ಲಿ ಹಣ್ಣಾಗುವುದು

ಎಲೆಗಳು ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತವೆ ಎಂದು ದ್ಯುತಿಸಂಶ್ಲೇಷಣೆ ಪಾಠದಲ್ಲಿ ಓದಿದ್ದೇವೆ. ಆ ಸಕ್ಕರೆ ತೊಟ್ಟಿನ ಮೂಲಕ ಕಾಯಿಗೆ ಇಳಿಯುತ್ತದೆ. ಕಾಯಿ ಕಿತ್ತ ಕ್ಷಣವೇ ಈ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಹಣ್ಣಿನಲ್ಲಿ ಎಷ್ಟು ಇದೆಯೋ ಅಷ್ಟೇ.

ಹಾಗಾದರೆ ಕಿತ್ತ ಕಾಯಿ ಕೆಂಪಾಗುವುದು ಹೇಗೆ? ಅದಕ್ಕೆ ಔಷಧಿಯೇ ಬೇಕು ಅಂತ ಇಲ್ಲ. ಬಲಿತ ಟೊಮೆಟೊ ಕಾಯಿ ತನ್ನೊಳಗೇ ಎಥಿಲೀನ್ ಎಂಬ ಅನಿಲವನ್ನು ಮಾಡಿಕೊಳ್ಳುತ್ತದೆ. ಮಾವು, ಬಾಳೆ ಹಣ್ಣಾಗುವುದೂ ಇದರಿಂದಲೇ. ಎಥಿಲೀನ್ ಬಂದಾಗ ಹಸಿರು ಹೋಗಿ ಲೈಕೋಪೀನ್ ಎಂಬ ಕೆಂಪು ಬಣ್ಣ ಬರುತ್ತದೆ, ಕಾಯಿ ಮೆತ್ತಗಾಗುತ್ತದೆ. ಅಂದ್ರೆ ಬಣ್ಣ ಬರುವುದಕ್ಕೆ ಗಿಡ ಬೇಡ. ಆದರೆ ಸಕ್ಕರೆ ತುಂಬುವುದಕ್ಕೆ ಗಿಡ ಬೇಕೇ ಬೇಕು. ಬಣ್ಣ ನೋಡಿ ರುಚಿ ಹೇಳೋಕಾಗಲ್ಲ ಅನ್ನುವುದು ಇದಕ್ಕೇ.

ದೋರೆ ಬಂದ ಕಾಯಿ, ಅಂದ್ರೆ ಬಣ್ಣ ತಿರುಗಿದ ಕಾಯಿ ಕಿತ್ತು ನೆರಳಿನಲ್ಲಿ ಇಟ್ಟರೆ ನಷ್ಟ ಅಷ್ಟು ದೊಡ್ಡದಲ್ಲ. ಪೂರ್ತಿ ಹಸಿರು ಇರುವಾಗಲೇ ಕಿತ್ತರೆ ನಷ್ಟ ಹೆಚ್ಚು. ಲಾರಿ ಎಷ್ಟು ದೂರ ಹೋಗಬೇಕೋ ಅಷ್ಟು ಬೇಗ ಕೀಳಬೇಕಾಗುತ್ತದೆ. ಇಲ್ಲಿಂದ ದಿಲ್ಲಿಗೆ 2,000 ಕಿಲೋಮೀಟರಿಗೂ ಜಾಸ್ತಿ. ಕೆಂಪಗೆ ಹಣ್ಣಾದ ನಾಟಿ ಟೊಮೆಟೊ ತುಂಬಿ ಕಳಿಸಿದರೆ ಅಲ್ಲಿಗೆ ತಲಪುವುದು ಹಣ್ಣಲ್ಲ, ಗೊಜ್ಜು!

ನೀರಿನ ಮಾತೂ ಇದೆ. ಹಣ್ಣು ಕೆಂಪಾಗುವ ಹೊತ್ತಿಗೆ ನೀರು ಜಾಸ್ತಿ ಕೊಟ್ಟರೆ ಹಣ್ಣು ದಪ್ಪ ಬರುತ್ತದೆ, ತೂಕ ಬರುತ್ತದೆ, ಆದರೆ ರುಚಿ ತೆಳ್ಳಗಾಗುತ್ತದೆ. ಹಿತ್ತಲ ಗಿಡಕ್ಕೆ ಸಿಗುವುದು ಪಾತ್ರೆ ತೊಳೆದ ನಾಲ್ಕು ಚೆಂಬು ನೀರು. ಹಣ್ಣು ಸಣ್ಣದು, ರುಚಿ ಗಟ್ಟಿ.

3. ತಳಿಯ ವಿಷಯ

ಟೊಮೆಟೊ ನಮ್ಮ ದೇಶದ ಗಿಡ ಅಲ್ಲ. ಇದು ಬದನೆ, ಆಲೂಗಡ್ಡೆ, ಮೆಣಸಿನಕಾಯಿಗಳ ಬಳಗದ್ದು. ಇದರ ಕಾಡು ಜಾತಿಗಳು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆಯವು, ಹಣ್ಣು ಗೋಲಿಗಿಂತ ಚಿಕ್ಕದು. ಜನ ತಮಗೆ ಬೇಕಾದ ಗಿಡದ ಬೀಜ ಆರಿಸುತ್ತಾ ಆರಿಸುತ್ತಾ ಬಂದು ಈಗಿನ ದಪ್ಪ ಹಣ್ಣು ಆಗಿದೆ. ಅಂದರೆ ಯಾವುದನ್ನು ಆರಿಸುತ್ತೇವೋ ಅದು ಉಳಿಯುತ್ತದೆ, ಯಾವುದನ್ನು ಕೇಳುವುದಿಲ್ಲವೋ ಅದು ನಿಧಾನವಾಗಿ ಕಳೆದುಹೋಗುತ್ತದೆ.

ಇದಕ್ಕೆ ಒಳ್ಳೆ ಉದಾಹರಣೆ ಕಾಯಿಯ ಭುಜ. ಕೆಲವು ನಾಟಿ ಕಾಯಿಗಳಲ್ಲಿ ತೊಟ್ಟಿನ ಸುತ್ತ ಕಡು ಹಸಿರು ಇರುತ್ತದೆ. ಅದು ಹಣ್ಣಾದಾಗಲೂ ಭುಜ ಸ್ವಲ್ಪ ಹಸಿರಾಗೇ ಉಳಿಯುತ್ತದೆ. ನೋಡೋಕೆ ಚೆನ್ನಾಗಿಲ್ಲ ಅಂತ ಎಷ್ಟೋ ದಶಕಗಳಿಂದ ಒಂದೇ ಸಮ ಬಣ್ಣ ಬರುವ ಗಿಡಗಳನ್ನೇ ಆರಿಸಿದರು. 2012ರಲ್ಲಿ ವಿಜ್ಞಾನಿಗಳು ಇದರ ಗುಟ್ಟು ಕಂಡುಹಿಡಿದರು. ಆ ಹಸಿರು ಭುಜವೂ ಎಲೆಯ ಹಾಗೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದಂತೆ! ಒಂದೇ ಸಮ ಬಣ್ಣದ ಹಣ್ಣಿನಲ್ಲಿ ಆ ಗುಣ ಕೆಟ್ಟುಹೋಗಿದೆ. ಅಂದಕ್ಕೆ ಆಸೆಪಟ್ಟು ಸಿಹಿ ಬಿಟ್ಟುಕೊಟ್ಟ ಹಾಗಾಯಿತು.

2017ರಲ್ಲಿ ಅಮೆರಿಕ, ಚೀನಾ ಮೊದಲಾದ ದೇಶಗಳ ವಿಜ್ಞಾನಿಗಳು 398 ಬಗೆಯ ಟೊಮೆಟೊಗಳ ವಂಶವಾಹಿಗಳನ್ನು ಪರೀಕ್ಷೆ ಮಾಡಿದರು. ಹಳೆಯ ತಳಿಗಳಿಗೆ ಹೋಲಿಸಿದರೆ ಮಾರುಕಟ್ಟೆಗೆಂದು ಬೆಳೆಯುವ ಹೊಸ ತಳಿಗಳಲ್ಲಿ ರುಚಿಗೆ ಬೇಕಾದ ಎಷ್ಟೋ ವಾಸನೆ ಪದಾರ್ಥಗಳು ಕಡಿಮೆಯಾಗಿರುವುದು ಗೊತ್ತಾಯಿತು. ಯಾರೂ ಬೇಕಂತ ತೆಗೆದದ್ದಲ್ಲ. ಆರಿಸುವಾಗ ಯಾರೂ ಅದನ್ನು ಕೇಳಲಿಲ್ಲ, ಅಷ್ಟೇ.

4. ಫ್ರಿಜ್ಜಿನಲ್ಲಿ ಇಡಬಹುದಾ?

ಫ್ರಿಜ್ಜು ಇರುವ ಮನೆಯವರು ಇದನ್ನು ಗಮನಿಸಿ. ಹಣ್ಣಾದ ಟೊಮೆಟೊವನ್ನು 5 ಡಿಗ್ರಿ ತಂಪಿನಲ್ಲಿ 7 ದಿನ ಇಟ್ಟು ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ (2016). ಸಕ್ಕರೆ, ಹುಳಿ ಹಾಗೇ ಇದ್ದವು. ಆದರೆ ವಾಸನೆ ಪದಾರ್ಥಗಳು ತುಂಬಾ ಕಡಿಮೆಯಾಗಿದ್ದವು. ಹೊರಗೆ ತೆಗೆದಿಟ್ಟ ಮೇಲೂ ಪೂರ್ತಿ ವಾಪಸ್ ಬರಲಿಲ್ಲ. ಆದ್ದರಿಂದ ಎರಡು ಮೂರು ದಿನಕ್ಕೆ ಬೇಕಾದಷ್ಟು ಹಣ್ಣನ್ನು ಗಾಳಿಯಾಡುವ ಬುಟ್ಟಿಯಲ್ಲಿ, ನೆರಳಿನಲ್ಲಿ ಇಡುವುದೇ ಒಳ್ಳೆಯದು. ಒಡೆದು ಹಾಳಾಗುವ ಹಾಗಿದ್ದರೆ ಮಾತ್ರ ಫ್ರಿಜ್ಜು.

5. ಹಾಗಾದರೆ ತಪ್ಪು ರೈತರದಾ?

ಮಂಡಿಯಲ್ಲಿ ಹರಾಜು ಕೂಗುವಾಗ ಏನು ನೋಡುತ್ತಾರೆ? ಬಣ್ಣ, ಗಾತ್ರ, ಗಟ್ಟಿ. ಕೈಯಲ್ಲಿ ಅಮುಕಿ ನೋಡುತ್ತಾರೆ. ಬಾಯಿಗೆ ಹಾಕಿಕೊಂಡು ನೋಡಿ “ಈ ಹಣ್ಣು ರುಚಿಯಾಗಿದೆ, ಬಾಕ್ಸಿಗೆ 50 ರೂಪಾಯಿ ಜಾಸ್ತಿ” ಅಂತ ಯಾರಾದರೂ ಕೂಗಿದ್ದನ್ನು ನೀವು ಕೇಳಿದ್ದೀರಾ? 15 ಕೆ.ಜಿ. ಬಾಕ್ಸಿನ ತಳದಲ್ಲಿ ನಾಲ್ಕು ಹಣ್ಣು ಒಡೆದು ನೀರು ಸೋರಿದರೆ ಸಾಕು, ಇಡೀ ಬಾಕ್ಸಿನ ರೇಟು ಬೀಳುತ್ತದೆ.

ರೇಟು ಅನ್ನುವುದೂ ನಮ್ಮ ಕೈಯಲ್ಲಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದು ಬಂದದ್ದನ್ನೂ ನೋಡಿದ್ದೇವೆ. ಬೋರ್‌ವೆಲ್ ನೀರು, ಕಡ್ಡಿ, ದಾರ, ಔಷಧಿ, ಕೂಲಿ ಅಂತ ಸಾಲ ಮಾಡಿ ಬೆಳೆ ಇಟ್ಟವರು ಎರಡೇ ದಿನಕ್ಕೆ ಮೆತ್ತಗಾಗುವ ಹಣ್ಣನ್ನು ನಂಬಿ ಕೂರೋಕಾಗುತ್ತಾ?

ರೋಗದ ಭಯವೂ ಸಣ್ಣದಲ್ಲ. ಎಲೆ ಮುರುಟು ರೋಗ ಬಂದರೆ ಇಡೀ ತೋಟ ಹೋಗುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ರಕ್ಷಕ್’ ಎಂಬ ಹೈಬ್ರಿಡ್ ತಳಿ ಕೊಟ್ಟಿದೆ. ಅದು ಎಲೆ ಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಅಂದ ಕೂಡಲೇ ಬೈಯುವ ಮೊದಲು ಇದನ್ನು ನೆನಪಿಡಬೇಕು. ಅದೇ ಹೈಬ್ರಿಡ್ ಹಣ್ಣನ್ನು ಗಿಡದಲ್ಲೇ ಪೂರ್ತಿ ಕೆಂಪಾಗಲು ಬಿಟ್ಟು ಕಿತ್ತು ತಿಂದರೆ ಅಂಗಡಿ ಹಣ್ಣಿಗಿಂತ ರುಚಿಯಾಗೇ ಇರುತ್ತದೆ.

ಆದ್ದರಿಂದ ಗೆಳೆಯರೇ, ಹೊಲದ ಟೊಮೆಟೊ ನಮ್ಮ ಮನೆಯ ಫೀಸು, ಬಟ್ಟೆ, ಸಾಲದ ಕಂತು ಕಟ್ಟುತ್ತದೆ. ಅದು ಗಟ್ಟಿಯಾಗಿ ಇರಲೇಬೇಕು. ಮಂಡಿಯಲ್ಲಿ ರುಚಿಗೆ ರೇಟು ಸಿಗುವ ತನಕ ನಾಟಿ ಟೊಮೆಟೊ ಉಳಿಯುವುದಕ್ಕೆ ಇರುವ ಜಾಗ ಹಿತ್ತಲು ಒಂದೇ. ಮನೆಯಲ್ಲಿ ಹಿತ್ತಲ ಗಿಡದ ಬೀಜ ಇಡುವುದನ್ನು ಬಿಟ್ಟರೆ ಆ ಹಣ್ಣು ಮತ್ತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈ ಕೆಲಸಕ್ಕೆ ದುಡ್ಡು ಬೇಡ, ನಾವು ಮಕ್ಕಳೇ ಮಾಡಬಹುದು.

6. ಬೀಜ ತೆಗೆಯುವ ವಿಧಾನ

• ರೋಗ ಇಲ್ಲದ ನಾಟಿ ಗಿಡದಲ್ಲಿ ಚೆನ್ನಾಗಿ ಹಣ್ಣಾದ ಎರಡು ಹಣ್ಣು ಆರಿಸಿ. ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬೀಜಕ್ಕೆ ಬಿಡಬೇಡಿ.
• ಬೀಜ, ಲೋಳೆ ಎರಡನ್ನೂ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ ಎರಡು ದಿನ ಇಡಿ. ಲೋಳೆ ಹುಳಿತು ಬಿಡುತ್ತದೆ. ವಾಸನೆ ಬರುತ್ತದೆ, ಹೆದರಬೇಡಿ.
• ಚೆನ್ನಾಗಿ ತೊಳೆಯಿರಿ. ತೇಲುವ ಜೊಳ್ಳು ಚೆಲ್ಲಿ, ಮುಳುಗಿದ ಬೀಜ ಇಟ್ಟುಕೊಳ್ಳಿ.
• ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಿ. ಪೊಟ್ಟಣ ಕಟ್ಟಿ ಹೆಸರು, ತಿಂಗಳು ಬರೆದಿಡಿ.

ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗವನ್ನೇ ತಾನು ಬಳಸುತ್ತದೆ. ಹಾಗಾಗಿ ನಾಟಿ ಬೀಜದಿಂದ ಸಾಮಾನ್ಯವಾಗಿ ಅದೇ ತರಹದ ಹಣ್ಣು ಬರುತ್ತದೆ. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಗಿಡವೇನೋ ಬರುತ್ತದೆ, ಆದರೆ ಒಂದೊಂದು ಗಿಡ ಒಂದೊಂದು ತರಹ.

ಮಾಡಿ ನೋಡಿ!

ಒಂದೇ ಗಿಡದಲ್ಲಿ ಒಂದೇ ಗಾತ್ರದ ಮೂರು ಕಾಯಿಗೆ ದಾರ ಕಟ್ಟಿ. ಒಂದನ್ನು ಬಲಿತ ಹಸಿರು ಕಾಯಿ ಇರುವಾಗ ಕೀಳಿ, ಇನ್ನೊಂದನ್ನು ದೋರೆ ಬಂದಾಗ ಕೀಳಿ. ಎರಡನ್ನೂ ಮನೆಯಲ್ಲಿಟ್ಟು ಹಣ್ಣು ಮಾಡಿ. ಮೂರನೆಯದನ್ನು ಗಿಡದಲ್ಲೇ ಕೆಂಪಾಗಲು ಬಿಡಿ. ಮೂರೂ ಕೆಂಪಾದ ಮೇಲೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದು ಚೂರು ಉಪ್ಪಿಲ್ಲದೆ ತಿನ್ನಿಸಿ. ಯಾವುದು ರುಚಿ ಅಂದರು ಎಂದು ಬರೆದುಕೊಳ್ಳಿ. ಕನಿಷ್ಠ ಐದು ಜನರನ್ನು ಕೇಳಿ, ಒಬ್ಬರ ಮಾತು ಸಾಲದು.

ನಿಮ್ಮ ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ನಾಟಿ ಬೀಜ ಹೆಚ್ಚಿಗೆ ಇದ್ದವರು ಒಂದು ಪೊಟ್ಟಣ ತಂದುಕೊಟ್ಟರೆ ಇಲ್ಲದವರಿಗೆ ಹಂಚಬಹುದು.

– ವಿಜ್ಞಾನ ಸಂಘದ ಪರವಾಗಿ, 9ನೇ ತರಗತಿ