ಜರಿದ ಮಣ್ಣಿಗೆ ಮೊದಲು ಬರುವ ಗಿಡಗಳು

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವು ಗುಡ್ಡಗಳು ಜರಿದುದನ್ನು ತಾವು ಕೇಳಿರಬಹುದು. ಅದೇ ಮಳೆಯಲ್ಲಿ ನಮ್ಮ ಮನೆಯ ಮೇಲಣ ಇಳಿಜಾರಿನ ಒಂದು ಪಟ್ಟಿಯೂ ಕುಸಿಯಿತು. ಕಾಫಿ ಗಿಡ, ನೆರಳಿನ ಮರ, ಮೇಲ್ಮಣ್ಣು ಎಲ್ಲವೂ ಹೋಗಿ ಕೆಂಪು ಅಡಿಮಣ್ಣು ಮಾತ್ರ ಉಳಿಯಿತು.

ಎರಡು ವರ್ಷಗಳಲ್ಲಿ ಅಲ್ಲಿ ತಾವಾಗಿಯೇ ಹುಟ್ಟಿದ್ದ ಗಿಡಗಳನ್ನು ನಾನು ಕಳೆಯೆಂದು ಬಗೆದು, ಬೇರುಸಹಿತ ಕೀಳಿಸಿ, ಸಿಲ್ವರ್ ಓಕ್ ಸಸಿಗಳನ್ನು ನೆಡಿಸಿದೆ. ಜುಲೈ ಮಳೆಗೆ ಸಸಿಗಳೂ ಮಣ್ಣೂ ಕೂಡಿಯೇ ಹಳ್ಳ ಸೇರಿದುವು. ಕೆಸರು ಅಂಗಳದವರೆಗೆ ಬಂದಿತು. ಆ ರಾತ್ರಿಯನ್ನು ನಾವು ನೆರೆಮನೆಯಲ್ಲಿ ಕಳೆದೆವು. ಗುಡ್ಡ ತನಗೆ ತಾನೇ ಹಾಕಿಕೊಂಡಿದ್ದ ಹೊಲಿಗೆಯನ್ನು ನಾನು ಬಿಚ್ಚಿದ್ದೆ.

ಅಂದಿನಿಂದ ಅಲ್ಲಿಗೆ ಯಾವ ಗಿಡ ಯಾವಾಗ ಬರುತ್ತದೆಂದು ನೋಡತೊಡಗಿದೆ. ಮೇಲ್ಮಣ್ಣು ಹೋದ ನೆಲದಲ್ಲಿ ಸಾರಜನಕ ತೀರ ಕಡಿಮೆ. ನಮ್ಮ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಹುಳಿಮಣ್ಣಿನಲ್ಲಿ ಕರಗುವ ಅಲ್ಯುಮಿನಿಯಂ ಹೆಚ್ಚಿನ ಗಿಡಗಳ ಬೇರನ್ನು ಕೆಡಿಸುತ್ತದೆ. ಇಂಥ ಕಡೆ ಮೊದಲು ಪಾಚಿ ಕಟ್ಟುತ್ತದೆ. ಅನಂತರ ಜರಿಗಿಡ, ನೆಕ್ಕರೆ ಬರುತ್ತವೆ. ನೇರಿಳೆ ಬಣ್ಣದ ಹೂವಿನ, ಹಣ್ಣು ತಿಂದರೆ ನಾಲಗೆ ಕಪ್ಪಾಗುವ ನೆಕ್ಕರೆ ಮಲೆನಾಡಿನ ಮಕ್ಕಳಿಗೆಲ್ಲ ಪರಿಚಿತ. ಆ ಅಲ್ಯುಮಿನಿಯಮನ್ನೇ ಎಲೆಗಳಲ್ಲಿ ಕೂಡಿಟ್ಟುಕೊಂಡು ಬಾಳುವ ಶಕ್ತಿ ಅದಕ್ಕುಂಟು. ನೆಲದ ಮೇಲೆ ಹಬ್ಬುವ ಮುಟ್ಟಿದರೆ ಮುನಿಯ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಗಳಿದ್ದು, ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹಣ್ಣಿಗೆ ಬಂದ ಹಕ್ಕಿಗಳು ಬೇರೆ ಬೀಜಗಳನ್ನು ಉದುರಿಸಿ ಹೋಗುತ್ತವೆ. ಆಗ ಅಗಲ ಎಲೆಯ ಉಪ್ಪಳಿಗೆ ಮರ ಏಳುತ್ತದೆ. ಬಿಸಿಲು ಬೇಡುವ ಅದರ ಸಸಿಗಳು ತಾಯಿಮರದ ನೆರಳಿನಲ್ಲಿ ಏಳಲಾರವು. ನೆರಳನ್ನು ತಾಳುವ ಕಾಡುಮರಗಳ ಸಸಿಗಳು ಆ ಜಾಗವನ್ನು ಹಿಡಿಯುತ್ತವೆ.

ಹಾಗೆಂದು ಬಂದುದೆಲ್ಲ ಒಳಿತೆನ್ನಲಾಗದು. ಅಮೆರಿಕ ಖಂಡದಿಂದ ಬಂದ ಲಂಟಾನ, ಯುಪಟೋರಿಯಂಗಳು ದಟ್ಟವಾಗಿ ಬೆಳೆದು ಬೇರೆ ಸಸಿಗಳನ್ನು ಅದುಮುತ್ತವೆ. ಈಗ ಅವನ್ನು ಕೀಳಿಸದೆ ಬುಡದವರೆಗೆ ಸವರಿಸಿ ಬೇರನ್ನು ಬಿಡುತ್ತೇನೆ. ಗುಡ್ಡದ ಒಡಲೇ ಜಾರಿದರೆ ಈ ಬೇರುಗಳು ತಡೆಯಲಾರವು. ಮೇಲ್ಪದರದ ಮಣ್ಣನ್ನು ಹಿಡಿಯುವುದಷ್ಟೇ ಅವುಗಳ ಕೆಲಸ.

ಮಳೆ ಕೆಡವಿದ ಗುಡ್ಡದ ಮಾತು ಹೀಗಾದರೆ, ಮನುಷ್ಯ ಅಗೆದ ಗುಡ್ಡದ ಪಾಡೇನು? ಕಳಸದಾಚೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಪುಡಿ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದೆ. ನಮ್ಮ ಪಟ್ಟಿಯ ಎರಡೂ ಬದಿಯಲ್ಲಿ ಬೀಜ ಕೊಡುವ ಮರಗಳಿದ್ದುವು. ಆ ಪುಡಿಯಲ್ಲಿ ಬೀಜವೂ ಇಲ್ಲ, ಬೇರಿಗೆ ಆಹಾರವೂ ಇಲ್ಲ. ಕಲ್ಲಿದ್ದಲು ಗಣಿಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಇದ್ದಿಲಿನೊಡನೆ ಮೇಲೆ ಬರುವ ಗಂಧಕದ ಖನಿಜ ಗಾಳಿ ನೀರು ತಾಗಿದೊಡನೆ ಗಂಧಕಾಮ್ಲವಾಗುತ್ತದೆ. ಆದರೂ ಝರಿಯಾದ ರಾಶಿಗಳ ಮೇಲೆ ಕಾಶಹುಲ್ಲು ಬೇರೂರುತ್ತದೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಬರ್ಚ್ ಮರ ತಾನಾಗಿ ಏಳುತ್ತದೆ. ಆದುದರಿಂದ ನೆಲವನ್ನು ಅಗೆಯಲೇಬೇಕಾದಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದಿರಿಸಿ ಮತ್ತೆ ಹರಡಬೇಕು. ಅಂಚಿನ ಕಾಡನ್ನು ಉಳಿಸಬೇಕು. ಮುಂದಿನದನ್ನು ಈ ಗಿಡಗಳು ಬಲ್ಲವು.

ನಮ್ಮ ಇಳಿಜಾರಿನಲ್ಲಿ ಈಗ ಉಪ್ಪಳಿಗೆ ನೆರಳು ಕೊಡುತ್ತಿದೆ. ಆದರೂ ಜೋರು ಮಳೆಯ ರಾತ್ರಿ ನನಗೆ ಎಚ್ಚರವಾಗುತ್ತದೆ. ಬೆಳಗಾದೊಡನೆ ಹೋಗಿ ಹಳ್ಳದ ನೀರು ಕೆಂಪಾಗಿದೆಯೋ ತಿಳಿಯಾಗಿದೆಯೋ ಎಂದು ನೋಡಿ ಬರುತ್ತೇನೆ.