ತೂಬು ಮುಚ್ಚಿ ನೋಡಿದವರು

ಕೋಲಾರದ ಅಂತರಗಂಗೆಗೆ ಹೋದವರಿಗೆ ಅಲ್ಲಿನ ಕೋತಿಗಳ ಪರಿಚಯ ಆಗದೆ ಇರುವುದಿಲ್ಲ. ಮೆಟ್ಟಿಲ ಮೇಲೆ ಕಾದು ಕೂತು ಕೈಯ ಬಾಳೆಹಣ್ಣು ಕಿತ್ತುಕೊಳ್ಳುವ ಆ ಪ್ರಾಣಿಯ ನೆತ್ತಿಯಲ್ಲಿ ಟೋಪಿ ಇಟ್ಟಂತೆ ಕೂದಲು ಸುಳಿದಿರುತ್ತದೆ. ದಕ್ಷಿಣ ಭಾರತ ಬಿಟ್ಟರೆ ಇನ್ನೆಲ್ಲೂ ಇದು ಸಹಜವಾಗಿ ಬದುಕಿಲ್ಲ. ವಿಜ್ಞಾನದಲ್ಲಿ ಇದರ ಹೆಸರು ಮಕಾಕ ರೇಡಿಯಾಟ. ಗಂಡಸಿನ ದೇಹದಲ್ಲಿ ವೀರ್ಯಾಣು ಯಾರ ಅಪ್ಪಣೆಯಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ತರ ಹುಡುಕಿದ್ದು ಇದೇ ಜಾತಿಯ ಕೋತಿಯಲ್ಲಿ.

ಪ್ರಶ್ನೆ ಹಳೆಯದು. ಜರ್ಮನಿಯ ಲೈಡಿಗ್ 1850ರಲ್ಲಿ ವೃಷಣದ ನಳಿಕೆಗಳ ನಡುವೆ ಒಂದು ಬಗೆಯ ಕೋಶಗಳನ್ನು ಕಂಡರು. 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ನಳಿಕೆಗಳ ಒಳಗೇ ಇನ್ನೊಂದು ಬಗೆಯನ್ನು ಕಂಡರು. ಬೆಳೆಯುತ್ತಿರುವ ವೀರ್ಯಾಣುಗಳನ್ನು ಸುತ್ತುವರಿದು ಸಾಕುವ ಕೋಶಗಳಿವು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದರೆ ಇಲಿಯ ವೃಷಣ ಕುಗ್ಗಿಹೋಗುತ್ತದೆ ಎಂದು 1920ರ ದಶಕದಲ್ಲಿ ಗೊತ್ತಾಯಿತು. ಆ ಗ್ರಂಥಿಯಿಂದ ಎರಡು ಹಾರ್ಮೋನುಗಳು ಬರುತ್ತವೆಂದು 1931ರಲ್ಲಿ ಬೇರ್ಪಡಿಸಿ ತೋರಿಸಿದರು. ಒಂದು ಎಲ್‌ಎಚ್. ಅದು ಲೈಡಿಗ್ ಕೋಶಗಳಿಗೆ ಹೇಳಿ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಇನ್ನೊಂದು ಎಫ್‌ಎಸ್‌ಎಚ್. ಹೆಣ್ಣಿನಲ್ಲಿ ಅದು ಅಂಡಕೋಶಗಳನ್ನು ಬೆಳೆಸುತ್ತದೆ. ಗಂಡಿನಲ್ಲಿ ಅದಕ್ಕೇನು ಕೆಲಸ? ಬೆಳೆಯುವ ಹುಡುಗನಿಗೆ ಬೇಕು ಎಂಬುದರಲ್ಲಿ ಹೆಚ್ಚು ಜಗಳವಿರಲಿಲ್ಲ. ಬೆಳೆದ ಗಂಡಿಗೂ ಬೇಕೇ ಎಂಬಲ್ಲಿ ವಿಜ್ಞಾನಿಗಳು ಎರಡು ಬಣವಾದರು.

ಕೋಲಾರ ಸೀಮೆ ಕೆರೆಗಳ ಸೀಮೆ. ಯಾವ ತೂಬಿನ ನೀರು ಯಾವ ಗದ್ದೆಗೆ ಹೋಗುತ್ತದೆಂದು ಅನುಮಾನ ಬಂದರೆ ಕೆರೆಯ ನೀರು ಬಿಡುವ ನೀರುಗಂಟಿ ತೂಬನ್ನು ಮುಚ್ಚಿಬಿಡುತ್ತಾನೆ. ಯಾವ ಗದ್ದೆ ಒಣಗಿತು ಎನ್ನುವುದೇ ಅವನಿಗೆ ಉತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿ ಎನ್.ಆರ್. ಮೌದ್ಗಲ್ ಹಿಡಿದದ್ದೂ ಇದೇ ದಾರಿ. 1960ರ ದಶಕದ ಆರಂಭದಲ್ಲಿ ಅವರು ಬರ್ಕ್ಲಿಯಲ್ಲಿ ಪಿಟ್ಯುಟರಿ ಹಾರ್ಮೋನುಗಳ ದೊಡ್ಡ ವಿದ್ವಾಂಸ ಚೊ ಹಾವ್ ಲಿ ಜೊತೆ ಕೆಲಸ ಮಾಡಿ, ಕುರಿಯ ಹಾರ್ಮೋನಿನ ವಿರುದ್ಧ ಪ್ರತಿಕಾಯ ತಯಾರಿಸುವುದನ್ನು ಪಳಗಿಸಿಕೊಂಡಿದ್ದರು. ಪ್ರತಿಕಾಯ ಹಾರ್ಮೋನನ್ನು ಹಿಡಿದುಕೊಂಡರೆ ಅದು ರಕ್ತದಲ್ಲಿದ್ದೂ ಇಲ್ಲದಂತೆ. ಗ್ರಂಥಿ ಕೊಯ್ದು ತೆಗೆದರೆ ಎರಡೂ ಹಾರ್ಮೋನುಗಳು ಒಟ್ಟಿಗೆ ಹೋಗುತ್ತವೆ, ಯಾವುದರ ಕೆಲಸ ಯಾವುದು ಎಂದು ತಿಳಿಯುವುದಿಲ್ಲ. ಪ್ರತಿಕಾಯದಿಂದಾದರೆ ಒಂದನ್ನೇ ನಿಲ್ಲಿಸಬಹುದು.

ಆದರೆ ಅದು ಹೇಳಿದಷ್ಟು ಸಲೀಸಲ್ಲ. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎರಡಕ್ಕೂ ಎರಡೆರಡು ಸರಪಳಿಗಳು, ಅವುಗಳಲ್ಲಿ ಒಂದು ಎರಡರಲ್ಲೂ ಒಂದೇ. ಒಂದರ ವಿರುದ್ಧ ಮಾಡಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯಬಹುದು. ಹಾಗಾದರೆ ಟೆಸ್ಟೋಸ್ಟೆರಾನ್ ಕೂಡ ಇಳಿದು, ಪ್ರಯೋಗದಿಂದ ಏನೂ ಹೇಳಲಾಗದು. ಇನ್ನೊಂದು ತೊಡಕು ಮೌದ್ಗಲ್ ಗುಂಪಿಗೇ ಕಂಡಿತು. ಗಂಡು ಕೋತಿಯ ಟೆಸ್ಟೋಸ್ಟೆರಾನ್ ಹಗಲಲ್ಲಿ ಕಡಿಮೆ ಇದ್ದು ರಾತ್ರಿ ಹತ್ತರ ಹೊತ್ತಿಗೆ ಏರುತ್ತದೆ. ಮುಕ್ಕು, ಪ್ರಹ್ಲಾದ ಮತ್ತು ಮೌದ್ಗಲ್ ಇದರ ಬಗ್ಗೆ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಳಿಗ್ಗೆ ತೆಗೆದ ರಕ್ತವನ್ನಷ್ಟೇ ನೋಡಿ ಹಾರ್ಮೋನು ಸರಿಯಿದೆ, ಇಲ್ಲ ಎಂದು ತೀರ್ಪು ಕೊಡುವಂತಿರಲಿಲ್ಲ.

1979ರಲ್ಲಿ ಮೊದಲ ಸ್ಪಷ್ಟ ಸುಳಿವು ಬಂತು. ಎಫ್‌ಎಸ್‌ಎಚ್ ಒಂದನ್ನೇ ಹಿಡಿಯುವ ಪ್ರತಿಕಾಯವನ್ನು ಬೆಳೆದ ಗಂಡು ಕೋತಿಗಳಿಗೆ ಕೊಟ್ಟಾಗ ವೀರ್ಯಾಣುಗಳ ಉತ್ಪತ್ತಿ ಕುಸಿಯಿತು. ಮುಂದೆ ಹೊರಗಿನ ಪ್ರತಿಕಾಯದ ಬದಲು ಕುರಿಯ ಎಫ್‌ಎಸ್‌ಎಚ್ಚನ್ನೇ ಲಸಿಕೆಯಾಗಿ ಚುಚ್ಚಿ, ಕೋತಿಯ ದೇಹವೇ ಪ್ರತಿಕಾಯ ಮಾಡಿಕೊಳ್ಳುವಂತೆ ಮಾಡಿದರು. ವರ್ಷಗಟ್ಟಲೆ ನಡೆದ ಈ ಪ್ರಯೋಗದ ವರದಿ 1992ರಲ್ಲಿ ಬಂತು. ಮರಿ ಹಾಕಿದ ಅನುಭವವಿದ್ದ ಹೆಣ್ಣುಗಳ ಜೊತೆ ಬಿಟ್ಟರೂ ಗರ್ಭ ನಿಲ್ಲಲಿಲ್ಲ. ಟೆಸ್ಟೋಸ್ಟೆರಾನ್ ಮಾತ್ರ ಇಳಿಯಲಿಲ್ಲ, ಗಂಡುಗಳ ಹುರುಪೂ ಕುಂದಲಿಲ್ಲ. ಲಸಿಕೆ ನಿಲ್ಲಿಸಿದ ಮೇಲೆ ಫಲವತ್ತತೆ ಮರಳಿತು.

ಇದು ಬರೀ ಕುತೂಹಲದ ಕೆಲಸವಾಗಿರಲಿಲ್ಲ, ಗಂಡಸರಿಗೂ ಸಂತಾನ ನಿಯಂತ್ರಣದ ಒಂದು ದಾರಿ ಹುಡುಕುವ ಕೆಲಸವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ 1930ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಆದರೂ ಇವತ್ತು ಮಾಲೂರು, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಮನೆಮನೆಗೂ ಇದ್ದಾರೆ, ಗಂಡಸರು ಹುಡುಕಿದರೂ ಸಿಗುವುದು ಕಷ್ಟ. ಗಂಡಸುತನ ಹೋಗುತ್ತದೆ ಎಂಬ ಅಂಜಿಕೆಯೇ ಅದಕ್ಕೆ ಒಂದು ಕಾರಣ. ಟೆಸ್ಟೋಸ್ಟೆರಾನ್ ಮುಟ್ಟದೆ ವೀರ್ಯಾಣುವನ್ನಷ್ಟೇ ತಡೆಯುವ ದಾರಿ ಸಿಕ್ಕರೆ ಆ ಅಂಜಿಕೆಗೆ ಜಾಗವಿರುವುದಿಲ್ಲ.

ಈ ನಡುವೆ ಹೊರದೇಶಗಳಲ್ಲಿ ಇನ್ನೊಂದು ಕತೆ ಬೆಳೆಯುತ್ತಿತ್ತು. ಹಾರ್ಮೋನು ರಕ್ತದಲ್ಲಿ ಎಲ್ಲೆಡೆ ಹರಿಯುತ್ತದೆ, ಆದರೆ ಅದನ್ನು ಗುರುತು ಹಿಡಿಯುವ ಗ್ರಾಹಕ ಇರುವ ಕೋಶ ಮಾತ್ರ ಅದರ ಮಾತು ಕೇಳುತ್ತದೆ. ವಿಕಿರಣದ ಗುರುತು ಹಚ್ಚಿದ ಎಫ್‌ಎಸ್‌ಎಚ್ ಇಲಿಯ ವೃಷಣಕ್ಕೆ ಹೋಗಿ ಅಂಟಿಕೊಳ್ಳುತ್ತದೆ ಎಂದು ಮೀನ್ಸ್ ಮತ್ತು ವೈತುಕೈಟಿಸ್ 1972ರಲ್ಲಿ ತೋರಿಸಿದರು. ಗಂಡಿನಲ್ಲಿ ಈ ಗ್ರಾಹಕದ ಮನೆ ಸೆರ್ಟೋಲಿ ಕೋಶ. 1990ರಲ್ಲಿ ಸ್ಪ್ರೆಂಗೆಲ್ ಮತ್ತು ಸಂಗಡಿಗರು ಇಲಿಯ ಗ್ರಾಹಕದ ಜೀನನ್ನೇ ಬಿಡಿಸಿ ಓದಿದರು. ಕೋಶದ ಪೊರೆಯನ್ನು ಏಳು ಸಲ ಹಾಯುವ ಪ್ರೋಟೀನು ಅದು; ಹಾರ್ಮೋನನ್ನು ಹಿಡಿಯುವ ದೊಡ್ಡ ಭಾಗ ಪೊರೆಯ ಹೊರಗೆ ಚಾಚಿಕೊಂಡಿದೆ.

ಹೊರಗೆ ಚಾಚಿದ್ದರಿಂದ ಪ್ರತಿಕಾಯದ ಕೈಗೂ ಅದು ಸಿಕ್ಕಬೇಕು. ಮೌದ್ಗಲ್ ಈಗ ಹಾರ್ಮೋನನ್ನು ಬಿಟ್ಟು ಗ್ರಾಹಕದ ಕಡೆ ತಿರುಗಿದರು. ಮಾಂಟ್ರಿಯಲ್‌ನಲ್ಲಿದ್ದ ಎಂ.ಆರ್. ಸಾಯಿರಾಮ್ ಜೊತೆ ಸೇರಿ, ಜೀನ್ ತಂತ್ರದಿಂದ ತಯಾರಿಸಿದ ಗ್ರಾಹಕದ ಭಾಗವನ್ನು ಗಂಡು ಕೋತಿಗಳಿಗೆ ಲಸಿಕೆಯಾಗಿ ಕೊಟ್ಟರು. 1997ರ ವರದಿಯ ಪ್ರಕಾರ ವೃಷಣದ ಕೆಲಸವೂ ಫಲವತ್ತತೆಯೂ ಕುಂದಿದವು. ಹಾರ್ಮೋನನ್ನು ತಡೆದಾಗ ಕಂಡದ್ದೇ ಗ್ರಾಹಕವನ್ನು ತಡೆದಾಗಲೂ ಕಂಡಿತು. 2004ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಯ ಎ. ಜಗನ್ನಾಥ ರಾವ್ ಮತ್ತು ಫ್ರಾನ್ಸಿನ ಸಂಗಡಿಗರು ಗ್ರಾಹಕದ ಸಣ್ಣ ಸಣ್ಣ ತುಣುಕುಗಳಿಂದಲೂ ಕೋತಿಗಳಲ್ಲಿ ಬಂಜೆತನ ಬರುತ್ತದೆಂದು ತೋರಿಸಿದರು.

ಆದರೆ 1997 ಮೌದ್ಗಲ್ ಅವರಿಗೆ ಎದುರು ಸಾಕ್ಷಿ ಬಂದ ವರ್ಷವೂ ಹೌದು. ಅಮೆರಿಕದಲ್ಲಿ ಎಫ್‌ಎಸ್‌ಎಚ್ ಜೀನೇ ಇಲ್ಲದಂತೆ ಮಾಡಿದ ಗಂಡಿಲಿಗಳು ಸಣ್ಣ ವೃಷಣವಿದ್ದೂ ಮರಿ ಹುಟ್ಟಿಸಿದವು. ಫಿನ್ಲೆಂಡಿನಲ್ಲಿ, ಈ ಗ್ರಾಹಕದ ಜೀನು ಕೆಟ್ಟು ಅಂಡಾಶಯ ಸೋತ ಹೆಂಗಸರ ಅಣ್ಣತಮ್ಮಂದಿರಲ್ಲಿ ಅದೇ ದೋಷವಿದ್ದ ಐವರನ್ನು ಪರೀಕ್ಷಿಸಿದರು. ವೀರ್ಯಾಣು ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟಕ್ಕೆ ಇಳಿದಿತ್ತು, ಯಾರಲ್ಲೂ ಪೂರ್ತಿ ಇಲ್ಲವಾಗಿರಲಿಲ್ಲ. ಇಬ್ಬರಿಗೆ ಮಕ್ಕಳೂ ಇದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ಕುರಿಯ ಎಫ್‌ಎಸ್‌ಎಚ್ ಲಸಿಕೆ ಪಡೆದ ಐವರು ಗಂಡಸರ ವರದಿಯೂ ಪ್ರಕಟವಾಯಿತು. ಅವರಲ್ಲೂ ವೀರ್ಯಾಣು ಕಡಿಮೆಯಾಯಿತು, ಸೊನ್ನೆಯಾಗಲಿಲ್ಲ.

ಮೌದ್ಗಲ್ ಮತ್ತು ಸಾಯಿರಾಮ್ 1998ರಲ್ಲಿ ಇದಕ್ಕೆ ಉತ್ತರ ಬರೆದರು. ಇಲಿಯಿಂದ ಕೋತಿ, ಮನುಷ್ಯರ ಬಗ್ಗೆ ತೀರ್ಮಾನ ಹೇಳುವುದು ಸರಿಯಲ್ಲ. ಎಷ್ಟು ವೀರ್ಯಾಣು ಎನ್ನುವುದರ ಜೊತೆಗೆ ಎಂಥ ವೀರ್ಯಾಣು ಎನ್ನುವುದನ್ನೂ ನೋಡಬೇಕು ಎಂಬುದು ಅವರ ವಾದ. ಎಫ್‌ಎಸ್‌ಎಚ್ ಸಿಗದ ಕೋತಿಗಳಲ್ಲಿ ಉಳಿದ ವೀರ್ಯಾಣುಗಳೂ ಸೊರಗಿದ್ದವು. ಗ್ರಾಹಕವನ್ನೇ ಕಿತ್ತು ಹಾಕಿದ ಇಲಿಗಳಲ್ಲಿ ಸಾಯಿರಾಮ್ ಗುಂಪಿಗೂ ಮುಂದೆ ಕಂಡದ್ದು ಅದೇ: ಮರಿ ಹುಟ್ಟುತ್ತಿತ್ತು, ಆದರೆ ವೀರ್ಯಾಣುಗಳ ಎಣಿಕೆಯೂ ಗುಣವೂ ಇಳಿದಿದ್ದವು.

ಲಸಿಕೆ ಔಷಧಿ ಅಂಗಡಿಗೆ ಬರಲಿಲ್ಲ. ಗರ್ಭ ತಡೆಯುವ ಮದ್ದು ಎಲ್ಲರಲ್ಲೂ ಒಂದೇ ಥರ ಕೆಲಸ ಮಾಡಬೇಕು, ಇದು ಹಾಗೆ ಮಾಡಲಿಲ್ಲ. ಕೊನೆಗೆ ಎರಡು ಬಣದವರೂ ಅರ್ಧ ಗೆದ್ದರು: ಎಫ್‌ಎಸ್‌ಎಚ್ ಇಲ್ಲದೆಯೂ ವೀರ್ಯಾಣು ಹುಟ್ಟುತ್ತದೆ, ಆದರೆ ಬೇಕಾದಷ್ಟೂ ಅಲ್ಲ, ಬೇಕಾದಂಥದ್ದೂ ಅಲ್ಲ. ಮಕ್ಕಳು ಬೇಡ ಎನ್ನುವವನಿಗೆ ಉಳಿದ ಆ ಸ್ವಲ್ಪವೇ ಅಪಾಯ. ಮಕ್ಕಳು ಬೇಕು ಎನ್ನುವವನಿಗೆ ಆ ಸ್ವಲ್ಪ ಸಾಲದೆ ಹೋಗಬಹುದು. ಪಿಟ್ಯುಟರಿ ಹಾರ್ಮೋನುಗಳು ಬಾರದೆ ವೀರ್ಯಾಣು ಹುಟ್ಟದ ಗಂಡಸರಿಗೆ ಇವತ್ತು ವೈದ್ಯರು ಎಲ್‌ಎಚ್ ಕೆಲಸ ಮಾಡುವ ಎಚ್‌ಸಿಜಿ ಚುಚ್ಚುಮದ್ದನ್ನು ಕೊಡುತ್ತಾರೆ. ಅದೊಂದೇ ಸಾಲದಾದಾಗ ಎಫ್‌ಎಸ್‌ಎಚ್ ಕೂಡ ಸೇರಿಸುತ್ತಾರೆ. ಮಗುವಾಗದಿದ್ದರೆ ಸೊಸೆಯನ್ನೇ ಊರೂರು ಸುತ್ತಿಸುವ ಮನೆಗಳಲ್ಲಿ ಗಂಡನ ವೀರ್ಯಪರೀಕ್ಷೆ ಮೊದಲು ಆಗಬೇಕೆಂದು ಹೇಳಲು, ಗಂಡಸಿನ ಈ ತೊಂದರೆಗೂ ಮದ್ದಿದೆ ಎನ್ನುವುದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.