ಮುಕ್ಕಾಲು ಪವನು

"ವಕೀಲರೇ, ಈ ಆರು ಗ್ರಾಂ ಅಂದರೆ ಎಷ್ಟಾಯ್ತು ಮಾರಾಯ್ರೆ?"

"ಮುಕ್ಕಾಲು ಪವನು" ಅಂದೆ. ಎಂಟು ಗ್ರಾಮಿಗೆ ಒಂದು ಪವನು. ನಮ್ಮ ಕಾಸರಗೋಡಿನಲ್ಲಿ ಗ್ರಾಮಿನ ಲೆಕ್ಕ ತಲೆಗೆ ಹೋಗುವುದು ಚಿನ್ನದಂಗಡಿಯ ಭಾಷೆಯಲ್ಲೇ.

ಅವರು ಎಣ್ಮಕಜೆ ಕಡೆಯ ಅಡಿಕೆ ಬೆಳೆಗಾರರು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮಗ ಜೈಲಿನಲ್ಲಿ. ವಿದ್ಯಾನಗರದ ಕೋರ್ಟಿನ ಹತ್ತಿರವಿರುವ ನನ್ನ ಕಚೇರಿಯ ಮೇಜಿನ ಮೇಲೆ ಅವರು ಹರಡಿಟ್ಟದ್ದು ಮಲಯಾಳದಲ್ಲಿ ಬರೆದ ಮಹಜರಿನ ನಕಲು. ಕೆಳಗೆ ಮಗನ ಸಹಿ, ಉರುಟು ಕನ್ನಡ ಅಕ್ಷರದಲ್ಲಿ. ಸಿಕ್ಕಿದ ವಸ್ತು ಎಂಡಿಎಂಎ. ಹುಡುಗರ ಬಾಯಲ್ಲಿ ಬರೀ 'ಎಂ', ಇಲ್ಲವೇ 'ಪೊಡಿ', 'ಕಲ್ಲು'.

ಅವರ ಎರಡನೆಯ ಪ್ರಶ್ನೆಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. "ಪೇಪರಿನಲ್ಲಿ ಇದು ರೇವ್ ಪಾರ್ಟಿಯ ಮದ್ದು ಅಂತ ಬರೀತಾರೆ. ನಮ್ಮಲ್ಲಿ ಅಂಥ ಪಾರ್ಟಿ ಎಲ್ಲಿ ಆಗ್ತದೆ?"

ಹೌದು, ಎಲ್ಲಿ? ರಾತ್ರಿಯಿಡೀ ನಿದ್ದೆಗೆಡುವುದು ನಮಗೇನೂ ಹೊಸತಲ್ಲ. ಬಯಲಾಟ, ತೆಯ್ಯಂ, ಭೂತಕೋಲ ಎಲ್ಲವೂ ಬೆಳಗಿನ ತನಕ ನಡೆದವೇ. ಆದರೆ ನನ್ನ ವಕೀಲಿಕೆಯಲ್ಲಿ ಡಿಜೆ ಕುಣಿಯುವ ಕಡೆ ಸಿಕ್ಕಿಬಿದ್ದ ಒಂದೇ ಒಂದು ಎಂಡಿಎಂಎ ಕೇಸನ್ನೂ ನಾನು ನಡೆಸಿಲ್ಲ. ನಡೆಸಿದ್ದೆಲ್ಲ ನಿಲ್ಲಿಸಿದ ಕಾರಿನವು, ಬಾಡಿಗೆ ಕೋಣೆಯವು, ಒಂದು ತೋಟದ ಪಂಪ್‌ಶೆಡ್ಡಿನದು. ಕ್ಲಬ್ಬೇ ಇಲ್ಲದ ಊರಿಗೆ ಕ್ಲಬ್ ಡ್ರಗ್ ಬಂದು ಕೂತಿದೆ.

ಇದರ ಜಾತಕ ಹಳೆಯದು. ಜರ್ಮನಿಯ ಮೆರ್ಕ್ ಕಂಪನಿ 1912ರಲ್ಲಿ ತಯಾರಿಸಿದ ರಾಸಾಯನಿಕವಿದು. 1985ರಲ್ಲಿ ಅಮೆರಿಕ ಇದನ್ನು ನಿಷೇಧಿಸಿತು. ಮಾದಕವಸ್ತು ತಡೆಗಿರುವ ನಮ್ಮ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ, ನವೆಂಬರ್ 14ಕ್ಕೆ. ಆಮೇಲಿನ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಹುಡುಗರು ಹಳೆ ಗೋದಾಮು, ಖಾಲಿ ಬಯಲುಗಳಲ್ಲಿ ಬೆಳಗಿನ ತನಕ ಕುಣಿಯಲು ಶುರುಮಾಡಿದರು. ಅದೇ ರೇವ್. ಅಲ್ಲಿನ ಸರಕಾರ 1994ರಲ್ಲಿ ತಂದ ಕಾನೂನು, ಮೇಲಿಂದ ಮೇಲೆ ಒಂದೇ ಬಗೆಯಲ್ಲಿ ಬಡಿಯುವ ಸದ್ದು ಯಾವುದೆಂದು ವ್ಯಾಖ್ಯಾನಿಸಿ, ರಾತ್ರಿ ಬಯಲಿನಲ್ಲಿ ಅದಕ್ಕೆ ಕುಣಿಯುವ ಗುಂಪನ್ನು ಚದರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಆ ವ್ಯಾಖ್ಯೆಯನ್ನು ಓದಿದಾಗೆಲ್ಲ ನನಗೆ ನಗು. ನಮ್ಮ ಚೆಂಡೆಯವರೂ ಒಳಗೆ ಹೋಗಬೇಕಿತ್ತು!

ನಮ್ಮ ಕರಾವಳಿಗೂ ರೇವ್ ಎಂಬ ಪದ ಬಂದದ್ದು ಗದ್ದಲದ ಜೊತೆಗೇ. 2012ರ ಫೆಬ್ರವರಿಯಲ್ಲಿ ಮಲ್ಪೆಯ ಸೈಂಟ್ ಮೇರೀಸ್ ದ್ವೀಪದಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಸಂಗೀತೋತ್ಸವ ನಡೆಯಿತು. ವಿದೇಶಿಯರು ಕುಣಿದ ದೃಶ್ಯ ಟೀವಿಯಲ್ಲಿ ಬಂತು, ವಿಧಾನಸಭೆಯವರೆಗೂ ಹೋಯಿತು. ಅದೇ ವಾರ ಸದನದಲ್ಲಿ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿ ಸಿಕ್ಕಿಬಿದ್ದ ಸಚಿವರೊಬ್ಬರು, ರೇವ್ ಪಾರ್ಟಿಯ ಚರ್ಚೆಗಾಗಿ ನೋಡುತ್ತಿದ್ದೆ ಎಂಬ ಸಮಜಾಯಿಷಿ ಕೊಟ್ಟದ್ದು ನೆನಪಿರಬಹುದು. ಆಮೇಲೆ 2020ರ ಡಿಸೆಂಬರಿನಲ್ಲಿ ಇಡುಕ್ಕಿಯ ವಾಗಮಣ್ ರೆಸಾರ್ಟ್, 2024ರ ಮೇ ತಿಂಗಳಲ್ಲಿ ಬೆಂಗಳೂರು ಹೊರವಲಯದ ಹೆಬ್ಬಗೋಡಿಯ ಫಾರ್ಮ್‌ಹೌಸ್. ದಾಳಿ, ಮುಖ ಮುಚ್ಚಿಕೊಂಡ ಹುಡುಗಿಯರು, ಕ್ಯಾಮೆರಾ. ರೇವ್ ಅಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ಇಷ್ಟೇ.

ಮಾಲು ಮಾತ್ರ ಆ ಚಿತ್ರದಿಂದ ಎಂದೋ ಆಚೆ ದಾಟಿತು. 2024ರ ಸೆಪ್ಟೆಂಬರಿನಲ್ಲಿ ಉಪ್ಪಳದ ಪತ್ವಾಡಿಯ ಒಂದು ಮನೆಯಲ್ಲಿ ಪೊಲೀಸರಿಗೆ ಮೂರು ಕಿಲೋಕ್ಕಿಂತ ಹೆಚ್ಚು ಎಂಡಿಎಂಎ ಸಿಕ್ಕಿತು. 2025ರ ಮಾರ್ಚಿನಲ್ಲಿ ಮಂಗಳೂರು ಸಿಸಿಬಿಯವರು, ತಮ್ಮ ಊರಲ್ಲಿ ಸಿಕ್ಕ ಸಣ್ಣ ಮಾರಾಟಗಾರನ ಜಾಡು ಹಿಡಿದು ತಿಂಗಳುಗಟ್ಟಲೆ ಬೆನ್ನುಹತ್ತಿ, ಬೆಂಗಳೂರಿನಲ್ಲಿ ಇಬ್ಬರು ದಕ್ಷಿಣ ಆಫ್ರಿಕಾದ ಮಹಿಳೆಯರಿಂದ 37.87 ಕಿಲೋ ವಶಪಡಿಸಿಕೊಂಡರು. ಬೆಲೆ 75 ಕೋಟಿ ರೂಪಾಯಿ ಎಂದು ಪೊಲೀಸರ ಲೆಕ್ಕ. ಬೆಂಗಳೂರಿನಿಂದ ಮಂಗಳೂರು, ಅಲ್ಲಿಂದ ತಲಪಾಡಿ. ತಲಪಾಡಿಯಲ್ಲಿ ತಪಾಸಣೆ ಬಿಗಿಯಾದರೆ ಅಡ್ಕಸ್ಥಳ, ಜಾಲ್ಸೂರು ಇದ್ದೇ ಇದೆ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಮಣ್ಣು ಸುರಿದು ಮುಚ್ಚಿದ್ದು ಇಂಥ ಗಡಿರಸ್ತೆಗಳನ್ನೇ.

ಈಗ ಕಾರ್ಯಾಚರಣೆಯ ಕಡೆ ನೋಡೋಣ. 2025ರ ಫೆಬ್ರವರಿ ಕೊನೆಗೆ ಕೇರಳ ಪೊಲೀಸರು 'ಆಪರೇಷನ್ ಡಿ-ಹಂಟ್' ಬಿಗಿಗೊಳಿಸಿದರು. ಮಾರ್ಚಿನಲ್ಲಿ ಅಬಕಾರಿಯವರ 'ಕ್ಲೀನ್ ಸ್ಲೇಟ್' ಬಂತು. ಡಿ-ಹಂಟ್ ಬಿಗಿಯಾದ ಮೊದಲ ವಾರದಲ್ಲಿ ರಾಜ್ಯದಾದ್ಯಂತ ಬಂಧಿತರಾದವರು 2,854 ಮಂದಿ. ಸಿಕ್ಕಿದ ಎಂಡಿಎಂಎ ಸುಮಾರು 1.3 ಕಿಲೋ. ಮಂಗಳೂರಿನವರಿಗೆ ಎರಡು ಬಂಧನಕ್ಕೆ 37 ಕಿಲೋ ಸಿಕ್ಕಿತು! ಎರಡೂ ಪೊಲೀಸ್ ಕೆಲಸವೇ. ಒಂದು ಬಲೆ ಬೀಸಿದ್ದು, ಇನ್ನೊಂದು ನೂಲು ಹಿಡಿದು ಗಂಟಿನ ತನಕ ಹೋದದ್ದು. ಬಲೆಗೆ ಸಿಗುವುದು ಹೆಚ್ಚಾಗಿ ಸೇದುವವನು, ನೂಲಿಗೆ ಸಿಗುವುದು ಮಾರುವವನು.

ಕಾನೂನು ಇವರಿಬ್ಬರನ್ನು ಬೇರ್ಪಡಿಸುವುದು ಮುಖ್ಯವಾಗಿ ತಕ್ಕಡಿಯಿಂದ. ಎಂಡಿಎಂಎ ಅರ್ಧ ಗ್ರಾಂ, ಅಂದರೆ ಒಂದು ಮೂಗುತಿಯ ತೂಕದೊಳಗಿದ್ದರೆ 'ಸಣ್ಣ ಪ್ರಮಾಣ': ಹೆಚ್ಚೆಂದರೆ ಒಂದು ವರ್ಷ ಸಜೆ. ಹತ್ತು ಗ್ರಾಂ, ಒಂದೂಕಾಲು ಪವನು ದಾಟಿದರೆ 'ವಾಣಿಜ್ಯ ಪ್ರಮಾಣ': ಕನಿಷ್ಠ ಹತ್ತು ವರ್ಷ, ಜಾಮೀನು ಬಲು ಕಷ್ಟ. ನಡುವಿನದಕ್ಕೆ ಹತ್ತು ವರ್ಷದ ತನಕ. ಗಾಂಜಾಕ್ಕಾದರೆ ಇದೇ ಗೆರೆಗಳು ಒಂದು ಕಿಲೋ, ಇಪ್ಪತ್ತು ಕಿಲೋ. ಬೀಡಿಯ ಜಮಾನದ ಲೆಕ್ಕದಲ್ಲಿ 'ಸ್ವಲ್ಪವೇ ಅಲ್ವಾ' ಎನ್ನುವ ಹುಡುಗರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಪುಡಿಯಲ್ಲಿ ಬೇರೇನೋ ಬೆರೆಸಿದ್ದರೂ ಇಡೀ ಮಿಶ್ರಣದ ತೂಕವೇ ಲೆಕ್ಕಕ್ಕೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಇನ್ನು, ಎಂಡಿಎಂಎ ಎಂದು ಹಿಡಿದದ್ದು ಲ್ಯಾಬಿನಲ್ಲಿ ಮೆಥಾಂಫೆಟಮಿನ್ ಎಂದಾದರೆ ವಾಣಿಜ್ಯದ ಗೆರೆ ಹತ್ತರಿಂದ ಐವತ್ತು ಗ್ರಾಮಿಗೆ ಹಾರುತ್ತದೆ.

ತಕ್ಕಡಿಯಷ್ಟೇ ಮುಖ್ಯ ಕಾಗದ. ಮೈ ತಪಾಸಣೆಗೆ ಮುಂಚೆ, ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಎದುರೇ ಆಗಲಿ ಎನ್ನುವ ಹಕ್ಕು ನಿನಗಿದೆ ಎಂದು ತಿಳಿಸಬೇಕು. ಇದು 50ನೇ ಸೆಕ್ಷನ್. ಕೊಚ್ಚಿಯ 2015ರ ಕೊಕೇನ್ ಪ್ರಕರಣದಲ್ಲಿ ಸಿನಿಮಾ ನಟನೂ ಸೇರಿ ಆರೋಪಿಗಳು ಹತ್ತು ವರ್ಷದ ಬಳಿಕ, 2025ರ ಫೆಬ್ರವರಿಯಲ್ಲಿ, ಖುಲಾಸೆಯಾದದ್ದು ತನಿಖೆಯ ಕ್ರಮದಲ್ಲಿ ಲೋಪವಿತ್ತೆಂದು. ಅವಸರದ ದಾಳಿಯಿಂದ ಅಪರಾಧಿಗೆ ಲಾಭ, ನಿರಪರಾಧಿಗೆ ನಷ್ಟ.

ನಾನು ಆ ತಂದೆಗೆ ಮಹಜರು ಓದಿ ಹೇಳಿದೆ. "ಹಕ್ಕನ್ನು ತಿಳಿಸಲಾಗಿದೆ, ಓದಿ ಕೇಳಿಸಲಾಗಿದೆ" ಎಂಬ ಸಾಲಿಗೆ ಬಂದಾಗ ಅವರು ಕೇಳಿದರು: "ಯಾವ ಭಾಷೆಯಲ್ಲಿ?" ಆ ಪ್ರಶ್ನೆಯನ್ನು ಕೋರ್ಟಿನಲ್ಲಿ ನಾನು ಎತ್ತಲಿದ್ದೇನೆ. ಹುಡುಗ ಕಲಿತದ್ದು ಕನ್ನಡ ಮಾಧ್ಯಮದಲ್ಲಿ.

ಆದರೆ ನನ್ನನ್ನು ಕಾಡುವುದು ಬೇರೊಂದು ಸೆಕ್ಷನ್: 64ಎ. ವ್ಯಸನಿಯಾದವನ ಮೇಲಿರುವುದು ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಾಗಿದ್ದು, ಸರಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ, ಮೊಕದ್ದಮೆಯಿಂದ ಅವನಿಗೆ ರಕ್ಷಣೆಯುಂಟು. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೇ. ದಾಳಿಯ ಸುದ್ದಿ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಈ ಸೆಕ್ಷನ್ನಿನ ಸುದ್ದಿ ಬಂದದ್ದನ್ನು ನಾನು ಕಂಡಿಲ್ಲ. ಜಿಲ್ಲೆಯಲ್ಲಿ ಅಬಕಾರಿ ಇಲಾಖೆಯ 'ವಿಮುಕ್ತಿ' ಚಿಕಿತ್ಸಾ ಕೇಂದ್ರವಿರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದವನಿಗೆ ಅದು ಜಿಲ್ಲೆಯ ಆ ಕೊನೆ. ಸಹಾಯವಾಣಿ 14405, ಕೇಂದ್ರ ಸರಕಾರದ 'ಮಾನಸ್' 1933.

"ಒಂದು ವರ್ಷದ ಹಿಂದೆಯೇ ನಮಗೆ ಗೊತ್ತಿತ್ತು" ಎಂದರು ಅವರು, ಕಾಗದ ಮಡಚುತ್ತಾ. "ರಾತ್ರಿ ನಿದ್ದೆ ಇಲ್ಲ, ಊಟ ಬೇಡ, ಕೋಣೆಯ ಬಾಗಿಲು ತೆಗೆಯುವುದಿಲ್ಲ. ಯಾರಿಗಾದರೂ ಹೇಳಿದರೆ ಪೊಲೀಸ್ ಬರ್ತದೆ ಅಂತ ಹೆದರಿ ಸುಮ್ಮನಿದ್ದೆವು."

ಆಗಲೇ ಬಂದಿದ್ದರೆ ನಾನು ಹೇಳಬೇಕಾಗಿದ್ದದ್ದು ಒಂದು ಫೋನ್ ನಂಬರ್ ಮಾತ್ರ. ಈಗ ಕೇಸಿನ ಖರ್ಚಿಗೆಂದು ಮನೆಯವರ ಸರ ಬ್ಯಾಂಕಿನಲ್ಲಿ ಅಡವಿದೆ. ಎಷ್ಟು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು.

"ಮೂರು ಪವನು."